ಆರಿಸುವುದು

ಕಾರ್ಸ್‌ನಿಂದ ಹೊರಟ ಶೂಕ್ರು ಮಾವನ ಜೇಬಲ್ಲಿ
ಟಿಕೆಟ್ಟಿನ ಬೆನ್ನಿಗೆ ಗೀಚಿದ ಪಟ್ಟಿ:
ಇಸ್ತಾಂಬುಲ್, ಎರಡು ದಿನ, ಐದು ಊಟ,
ಹದಿನೇಳು ಹೋಟೆಲು.

ಫಾತಿಹ್‌ನ ಕುರಿಮಾಂಸಕ್ಕೆ ಹೋದರೆ ಆಚೆ ದಡದ ಮೀನು ತಪ್ಪುತ್ತದೆ.
ಮೀನಿಗೆಂದು ದೋಣಿ ಹತ್ತಿದರೆ
ಪಟಾಲಮ್ಮಿನ ಗೆಳೆಯ ಆಣೆಯಿಟ್ಟು ಹೊಗಳಿದ ಈಲಿ?
ಬಸ್ಸಿನುದ್ದಕ್ಕೂ ಹೊಡೆದುಹಾಕಿದ, ಮತ್ತೆ ಬರೆದ.

ಬೆಳಿಗ್ಗೆ ದಂತವೈದ್ಯೆ, ಬಂದ ಕೆಲಸ:
ಮೇಲಿನವು ಆರು, ಕೆಳಗಿನವು ನಾಲ್ಕು.
“ಅಗಿಯುವ ಹಾಗಿಲ್ಲ.”

ಆಸ್ಪತ್ರೆ ಹಿಂದಿನ ಓಣಿ, ಬೋರ್ಡಿಲ್ಲದ ಅಂಗಡಿ,
ಬೇಳೆಯ ಸೂಪು.
ಇಲ್ಲಿ ಆರಿಸುವುದಿದ್ದರೆ ಅದನ್ನೇ,
ಊದಿ ಊದಿ.
ಐದೂ ಹೊತ್ತು.
ಮೂರನೆಯ ಸಲಕ್ಕೆ ನೆಬಾಹತ್
ಹೇಳದೆಯೇ ಖಾರ ಬಿಟ್ಟು ತಂದಿಟ್ಟಳು.

“ಏನೇನು ತಿಂದೆಯಪ್ಪಾ?” ಎಂದಿತು ಊರು.
ಟಿಕೆಟ್ಟು ಬಿಡಿಸಿ,
ಬೊಚ್ಚುಬಾಯಲ್ಲಿ ಜೊಲ್ಲು ತಡೆಯುತ್ತ,
ಹದಿನೇಳನ್ನೂ ಬಡಿಸಿದ.