ನೂರ ನಲವತ್ತಮೂರು

ಕೂತುಕೋ ತೊಬಿ. ಸ್ಟೂಲಿನ ಒಂದು ಕಾಲು ಗಿಡ್ಡ,
ಅಡಿಗೆ ಮಾತ್ರೆ ಡಬ್ಬಿಯ ರಟ್ಟು ಕೊಟ್ಟಿದ್ದೇನೆ.
ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸು.
ಸೋಲಾರ್ ಬ್ಯಾಟರಿ ಹತ್ತು ಗಂಟೆಗೆ ಮೊದಲು ಏಳುವುದಿಲ್ಲ;
ಸೆಪಿಕ್ ನದಿಯ ಮೇಲಿನ ಬಿಸಿಲೊಂದೇ
ಇಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದು.

ಒಂದು ಹನಿ ಎಣ್ಣೆ. ಲೆನ್ಸು ಗಾಜನ್ನು ಮುಟ್ಟಬಾರದು,
ಎಣ್ಣೆಯನ್ನಷ್ಟೇ ಮುಟ್ಟಬೇಕು,
ಮಲಗಿದ ಕೂಸನ್ನು ಎಬ್ಬಿಸದೆ ಜ್ವರ ನೋಡುವ ಹಾಗೆ.

ಈಗ ಹೇಳು, ಏನು ಕಾಣುತ್ತದೆ?

ಉಂಗುರಗಳು. ಹೌದು.
ನೀಲಿ ಎಳೆ, ಒಂದು ಕೆಂಪು ಹರಳು, ಕೆಲವಕ್ಕೆ ಎರಡು.
ಒಂದೇ ಕಣದೊಳಗೆ ಮೂವರು ಬಾಡಿಗೆದಾರರು.
ಫಾಲ್ಸಿಪೇರಂ. ಎಂಟನೆಯ ವಲಯಕ್ಕೇ ಸಿಕ್ಕಿತಲ್ಲ,
ನಿನ್ನ ಕೈ ಆಗಲೇ ಪೆನ್ನು ಹುಡುಕುತ್ತಿದೆ.
ಪೆನ್ನು ಕೆಳಗಿಡು.

ಸಿಕ್ಕಿದವ ಕಳ್ಳ, ಸಿಗದವ ಸಾಹುಕಾರ:
ಹಾಗಂದುಕೊಂಡು ಪೊಲೀಸರು ಬದುಕಬಹುದು.
ನಮಗೆ ಆ ಸವಲತ್ತಿಲ್ಲ.

ಅಗ್ನೇತಾ ಅಂತ ಒಬ್ಬಳು, ಆಚೆ ದಂಡೆಯವಳು,
ಸಾಗೊ ತೊಳೆದೂ ತೊಳೆದೂ ಬೆರಳ ತುದಿ ಬಿಳಿಚಿದವಳು.
ಹಣೆಗೆ ನೂಲಿನ ಜೋಳಿಗೆ, ಬೆನ್ನಿಗೆ ನಾಲ್ಕು ವರ್ಷದ ಲೊಪಾ,
ದೋಣಿ ಇಳಿದು ಬಂದಳು. ಹೊರಗೆ ಮೂವತ್ತೆಂಟು ಜನ.
ಪಟ್ಟಿ ಪರೀಕ್ಷೆಯಲ್ಲಿ ಗೆರೆ ಮೂಡಿತು, ಪಕ್ಕದಲ್ಲಿ ಇನ್ನೊಂದು;
ಆ ಇನ್ನೊಂದು ಯಾವ ಮಲೇರಿಯಾಕ್ಕಾದರೂ ಮೂಡುತ್ತದೆ,
ಮನೆಯೊಳಗೆ ಒಬ್ಬನೋ ಇಬ್ಬರೋ ಅಂದರೆ ಬಾಯಿ ಬಿಡುವುದಿಲ್ಲ.
ಗಾಜಿನ ಮೇಲೆ ಹನ್ನೊಂದನೆಯ ವಲಯದಲ್ಲಿ ಉಂಗುರ ಕಂಡಿತು.
ಬರೆದೆ. ಮೂರು ದಿನದ ಮಾತ್ರೆ.
ಮುಂದಿನವರು ಬನ್ನಿ.

ಇಪ್ಪತ್ತಾರು ದಿನಕ್ಕೆ ಅದೇ ದೋಣಿ, ಅದೇ ಮಗು, ಅದೇ ನಡುಕ.
ಮಾತ್ರೆ ಪೂರ್ತಿ ಕೊಟ್ಟೆಯಾ, ನರ್ಸು ಕೇಳಿದಳು.
ಕೊಟ್ಟೆ.
ಕೊಟ್ಟಿದ್ದರೆ ಮತ್ತೆ ಹೇಗೆ ಬಂತು?
ಅಗ್ನೇತಾ ಜೋಳಿಗೆಗೆ ಕೈ ಹಾಕಿ ಮಾತ್ರೆಯ ಹಾಳೆ ತೆಗೆದಳು,
ಒಂದೊಂದು ಗುಳ್ಳೆಯೂ ಒಡೆದದ್ದು, ನಾಲ್ಕಾಗಿ ಮಡಿಸಿ ಕಾಪಿಟ್ಟದ್ದು.
ಯಾರೂ ನೋಡಲಿಲ್ಲ.
ನಾನೂ.

ರಾತ್ರಿ ನಿದ್ದೆ ಹತ್ತದೆ ಹಳೆಯ ಪೆಟ್ಟಿಗೆ ತೆರೆದೆ.
ಅದೇ ಸ್ಲೈಡು. ಎಣಿಸಿದೆ. ಐವತ್ತು. ನೂರು.
ಅವೇ ಉಂಗುರಗಳು. ನೂರ ಇಪ್ಪತ್ತಕ್ಕೆ ಬ್ಯಾಟರಿ ಮಿಣುಗತೊಡಗಿತು.
ನೂರ ನಲವತ್ತಮೂರರಲ್ಲಿ ಒಂದೇ ಒಂದು ಕಣ,
ನೆರೆಯವಕ್ಕಿಂತ ದೊಡ್ಡದು, ಉಬ್ಬಿ ಬಣ್ಣಗೆಟ್ಟದ್ದು,
ಒಳಗೆ ಹರಿದ ಬಟ್ಟೆಯಂಥ ಆಕಾರ,
ಸುತ್ತ ದಡಾರ ಎದ್ದಂತೆ ಗುಲಾಬಿ ಚುಕ್ಕೆ.
ವೈವಾಕ್ಸ್.

ಒಬ್ಬ ಮುಂಬಾಗಿಲಲ್ಲಿ ಗದ್ದಲ ಎಬ್ಬಿಸಿದಾಗ
ಇನ್ನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ನಿಂತಿದ್ದ.
ಅವನ ಕಡೆಯವರು ಆಗಲೇ ಲಿವರಿನೊಳಗೆ
ಮುಸುಕೆಳೆದು ಮಲಗಿದ್ದರು.
ಮೂರು ದಿನದ ಮಾತ್ರೆ ಅವರ ಹೊದಿಕೆಯನ್ನೂ ಸರಿಸುವುದಿಲ್ಲ.
ಅದಕ್ಕೆ ಬೇರೆ ಮಾತ್ರೆ, ಹದಿನಾಲ್ಕು ದಿನ,
ಅದೂ ಮಗುವಿನ ರಕ್ತ ತಾಳುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ.

ಬೆಳಗ್ಗೆ ಹೊಳೆ ದಾಟಿ ಹೋದೆ.
ಯಾಕೋ ಏನೋ, ಸ್ಲೈಡು ಜೇಬಿನಲ್ಲೇ ಇತ್ತು.
ಅಗ್ನೇತಾ ಅದನ್ನು ಬೆಳಕಿಗೆ ಹಿಡಿದಳು:
ಗಾಜಿನ ಮೇಲೊಂದು ನೇರಳೆ ಕಲೆ, ಅಷ್ಟೇ.
ನಾನು ಮಾತ್ರೆ ಕೊಟ್ಟದ್ದು ಇದರಲ್ಲಿ ಕಾಣುತ್ತದಾ?
ಇಲ್ಲ, ಅಂದೆ.
ನಾನು ನೋಡದೆ ಬಿಟ್ಟದ್ದು ಕಾಣುತ್ತದೆ.
ಅವಳು ಲಂಗದ ಅಂಚಿಗೆ ಒರೆಸಿ ವಾಪಸು ಕೊಟ್ಟಳು.
ನರ್ಸಮ್ಮನಿಗೂ ಹೇಳು, ಅಂದಳು.
ಎಲ್ಲರೂ ಇರುವಾಗ.

ಹೇಳಿದೆ.

ಆ ಸ್ಲೈಡು ಇದೇ ಡ್ರಾಯರಿನಲ್ಲಿದೆ, ಬಣ್ಣ ಇಳಿಯುತ್ತಾ ಬಂದಿದೆ.
ಆಮೇಲೆ ತೋರಿಸುತ್ತೇನೆ. ಈಗ ಕಣ್ಣು ಎತ್ತಬೇಡ.
ಹೊರಗೆ ಸಾಲು ಬೆಳೆಯುತ್ತಿದೆ, ಬೆಳೆಯಲಿ,
ಕೆಮ್ಮುವವರು ಕೆಮ್ಮಲಿ, ಬೈಯುವವರು ಬೈಯಲಿ.
ಎಂಟು ಆಯಿತಲ್ಲ?
ಗಾಜನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸು.
ಒಂಬತ್ತು.