ಎಡಗಾಲು

ಕುಂಬಾರಪೇಟೆಯ ಸಂದಿ. ಎರಡು ಸ್ಟೀಲ್ ಪಾತ್ರೆ ಅಂಗಡಿಗಳ ನಡುವೆ
ತಲೆ ತಗ್ಗಿಸದೆ ಒಳಗೆ ಬಿಡದ ಬಾಗಿಲು.
ಮೊದಲ ದಿನವೇ ಹಣೆ ಬಡಿಸಿಕೊಂಡೆ.
ಒಳಗಿನ ಕತ್ತಲಲ್ಲಿ ಯಾರೋ ನಕ್ಕರು:
"ಬಾಗಿಲ ಜೊತೇನೇ ಕುಸ್ತಿಗಿಳಿದವ್ನೆ ನೋಡ್ರೋ!"

ಅವರೇ ಉಸ್ತಾದ್ ಪಿಳ್ಳಣ್ಣ.
ಹಗಲೆಲ್ಲ ಮಾಮೂಲ್‌ಪೇಟೆಯಲ್ಲಿ ಬೀಗ ರಿಪೇರಿ,
ಬೆಳಗಿನ ನಾಲ್ಕೂವರೆಗೆ ಗರಡಿಯ ಹನುಮಂತನಿಗೆ ದೀಪ;
ಮೂರು ಉಗುರಲ್ಲಿ ಗ್ರೀಸು, ಮಿಕ್ಕವುಗಳಲ್ಲಿ ಮಟ್ಟಿಯ ಮಣ್ಣು.

ನನಗಾಗ ಹದಿಮೂರು. ಮನಸ್ಸಲ್ಲಿದ್ದದ್ದು ಒಂದೇ ಹೆಸರು:
ಸ್ಕೂಲಿನ ಹಿಂದೆ ಎಲ್ಲರೆದುರು ನನ್ನ ಅಂಗಿ ಹರಿದ ಸಂಪಂಗಿ.
"ಅವನನ್ನು ಕೆಡವೋ ಪಟ್ಟು ಹೇಳಿಕೊಡಿ" ಅಂದೆ.
ಉಸ್ತಾದರು ಸನಿಕೆ ಕೊಟ್ಟರು.

ಆರು ತಿಂಗಳು ಅಗೆದೆ.
ಕೆಂಪು ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಳ್ಳೆಣ್ಣೆ, ಕರ್ಪೂರ, ನಿಂಬೆ.
ಗಾಯಕ್ಕೆ ಇದೇ ಮದ್ದು ಎನ್ನುತ್ತಿದ್ದರು.
ನನಗಿದ್ದದ್ದು ಗಾಯವಲ್ಲ, ಉರಿ.
ಜರಡಿ ಹಿಡಿದೆ. ಕಲ್ಲು ಹೆಕ್ಕಿದೆ, ಮೊಳೆ ಹೆಕ್ಕಿದೆ, ಒಮ್ಮೆ ಒಂದು ಹಲ್ಲು.
"ಯಾರದು ಉಸ್ತಾದ್?"
"ನಂದೇ ಇರಬೇಕು, ಕೂರಿಸಿ ನೋಡು" ಎಂದು ಬಾಯಿ ತೆರೆದರು.

ಆಮೇಲೆ ಬೀಳುವುದು.
ಮೂರು ತಿಂಗಳು ಬರೀ ಬೀಳುವುದು.
ಗದ್ದ ಎದೆಗೆ, ಉಸಿರು ಹೊರಗೆ, ಅಂಗೈ ಮಣ್ಣಿಗೆ.
"ಎಡಗಾಲು" ಎನ್ನುತ್ತಿದ್ದರು. ಅಷ್ಟೇ.
ಎಡಗಾಲು ಏನು? ಮುಂದಕ್ಕಾ, ಹಿಂದಕ್ಕಾ?
ಕೇಳಿದರೆ ಬೆತ್ತದ ತುದಿ ಮೀನಖಂಡಕ್ಕೆ ಮೆಲ್ಲಗೆ ತಾಗುತ್ತಿತ್ತು,
ತುಕ್ಕು ಹಿಡಿದ ಕೀಲಿಗೆ ಎಣ್ಣೆ ಬಿಟ್ಟ ಹಾಗೆ.

ಸಂಪಂಗಿಯನ್ನು ಯಾವಾಗ ಮರೆತೆನೋ ಗೊತ್ತಿಲ್ಲ.
ಮರೆತಿದ್ದೇನೆ ಎಂದು ಗೊತ್ತಾದದ್ದು
ಮಾರ್ಕೆಟ್ಟಿನಲ್ಲಿ ಅವನೇ ನನ್ನ ಚೀಲಕ್ಕೆ
ಕೊತ್ತಂಬರಿ ಕಟ್ಟೊಂದು ಕೊಸರು ಹಾಕಿದಾಗ.

ಹಾಗೆಂದು ಪಳಗಿಬಿಟ್ಟೆ ಎಂದಲ್ಲ.
ಇಪ್ಪತ್ತೆರಡಕ್ಕೆ ಹಲಸೂರಿನ ಕಣದಲ್ಲಿ
ಹೊಸಕೋಟೆಯ ಪೈಲ್ವಾನನನ್ನು ಮೂರೇ ನಿಮಿಷಕ್ಕೆ ಚಿತ್ ಮಾಡಿದೆ.
ಬಿದ್ದವನ ತಲೆಯ ಹತ್ತಿರವೇ ನಿಂತು ತೊಡೆ ತಟ್ಟಿದೆ, ಎರಡು ಸಲ.
ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಇಳಿದೆ.
ಬೆಳ್ಳಿ ಗದೆ ಹೊತ್ತು ತಮಟೆಯ ಜೊತೆ ಬಂದರೆ
ಅದೇ ಬಾಗಿಲು. ಗದೆ ಅಡ್ಡಡ್ಡ ಸಿಕ್ಕಿಕೊಂಡಿತು.
ಹಿಂದೆ ತಮಟೆ, ಮುಂದೆ ಚೌಕಟ್ಟು,
ಒಳಗೆ ದೀಪ ಮಾತ್ರ. ಉಸ್ತಾದರಿಲ್ಲ.
ಹೊಸಕೋಟೆಯವನು ಇಳಿದುಕೊಂಡಿದ್ದ ಛತ್ರದಲ್ಲಿ ಕೂತು
ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರಂತೆ,
ನಾನು ಬೇಕೆಂದೇ ಒಂದು ಸುತ್ತು ಹೆಚ್ಚಿಗೆ ತಿರುಚಿದ್ದ ಭುಜಕ್ಕೆ.

ಮರುದಿನ ಬೈಯಲಿಲ್ಲ.
ಸನಿಕೆ ಗೋಡೆಗೊರಗಿತ್ತು, ಹಿಡಿ ನನ್ನ ಕಡೆಗೆ.
ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ.
ಸನಿಕೆಗೆ ಏನು ಹೇಳಲಿ?
ಅಗೆದೆ.

ಈಗ ನಾನು ತರಗುಪೇಟೆಯಲ್ಲಿ ಬೇಳೆ ತೂಗುತ್ತೇನೆ.
ಅಂಗಡಿ ತೆರೆಯುವ ಮೊದಲು ಗುಟ್ಟಹಳ್ಳಿಯ ಒಂದು ಕೋಣೆ,
ಒಂದು ಮಂಚ, ಕಿಟಕಿಯಲ್ಲಿ ಬೀಗವಿಲ್ಲದ ಬೀಗದ ಕೈಗಳ ಗೊಂಚಲು.
ಉಸ್ತಾದರಿಗೆ ಎಂಬತ್ತನಾಲ್ಕು. ಪಾರ್ಶ್ವ ಹೊಡೆದು
ಅರ್ಧ ಮೈ ಹೋಯಿತು, ಮಾತು ಮುಕ್ಕಾಲು.
ಮಗಳು ಕಮಲಮ್ಮ ಬಿಸಿನೀರು ತೋಡಿಟ್ಟು ಕರೆಯುತ್ತಾಳೆ.
ಕಂಕುಳಿಗೆ ಒಂದು ಕೈ, ಸೊಂಟಕ್ಕೊಂದು. ಅವರದೇ ಪಟ್ಟು.
ಹತ್ತು ವರ್ಷ ನಾನು ಅಲುಗಿಸಲಾಗದ ಮೈ
ಈಗ ಅರ್ಧ ಮೂಟೆ ತೊಗರಿಬೇಳೆಯಷ್ಟೂ ಇಲ್ಲ.
ತೂಗುವವನು ನಾನು, ತೂಕ ತಪ್ಪಾಗಲಿ ಎಂದು
ಪ್ರತಿ ಬೆಳಿಗ್ಗೆ ಬೇಡಿಕೊಳ್ಳುತ್ತೇನೆ.

ಇವತ್ತು ಎತ್ತುವಾಗ ಕಿವಿಯ ಹತ್ತಿರ ಬಾಯಿ ತಂದರು.
ಎಂಜಲು, ಉಸಿರು, ಒಂದು ಪದ:
"ಎಡಗಾಲು."

ಸತ್ತಿರುವುದು ಅವರ ಎಡಗಾಲೇ.
ಒದ್ದೆ ನೆಲದ ಮೇಲೆ ಅಡ್ಡಾದಿಡ್ಡಿ ನಿಂತಿರುವುದು ನನ್ನದೂ.
ಯಾರದು ಉಸ್ತಾದ್ ಎಂದು ಕೇಳಲಿಲ್ಲ.
ನನ್ನದನ್ನು ಗೇಣುದ್ದ ಹಿಂದಕ್ಕಿಟ್ಟೆ.
ಭಾರ ಸೊಂಟಕ್ಕಿಳಿಯಿತು, ಮೈ ಎದ್ದು ಬಂತು.

ಬಚ್ಚಲ ಬಾಗಿಲೂ ಗಿಡ್ಡ.
ಇಬ್ಬರೂ ಬಗ್ಗಿದೆವು.