ಪಾಡ್‌ಮೋರರ ಮುಂದಿನ ಹಲ್ಲು

ಹದಿನೇಳು ದಿನದಿಂದ ನನ್ನ ಮೇಜಿನ ಮೇಲಿದೆ
ಒಂದು ಬಾಯಿ.
ಎರಿಕ್ ಪಾಡ್‌ಮೋರ್, ಎಪ್ಪತ್ತಾರು, ಮೇಲಿನ ಸಾಲು, ಪೂರ್ತಿ.
ಹಳದಿ ಗಾರೆಯಲ್ಲಿ ಎರಕ ಹೊಯ್ದ ಬರಿ ವಸಡು
ನೀಲಿ ತಟ್ಟೆಯಲ್ಲಿ ಆಕಳಿಸುತ್ತ ಕೂತಿದೆ
ನನ್ನನ್ನೇ ನೋಡಿ.

ಲಾಂಗ್ಟನ್ನಿನ ಈ ಬೀದಿಯಲ್ಲಿ ಒಂದು ಕಾಲಕ್ಕೆ
ಪಿಂಗಾಣಿ ಕಪ್ಪು ಬಸಿ ಮಾಡುತ್ತಿದ್ದರಂತೆ.
ಸೀಸೆಯಾಕಾರದ ಇಟ್ಟಿಗೆಗೂಡು ಹಿತ್ತಲಲ್ಲಿ ಇನ್ನೂ ನಿಂತಿದೆ,
ಒಳಗೆ ಪಾರಿವಾಳ.
ಪಕ್ಕದ ಶೆಡ್ಡಿನಲ್ಲಿ ನಾವು ಮೂವರು
ಊರಿನ ಬಾಯಿಗಳಿಗೆ ಹಲ್ಲು ಜೋಡಿಸುತ್ತೇವೆ.

ಕೆಲಸ ಬಾರದೆ ಅಲ್ಲ. ಇಪ್ಪತ್ತೆರಡು ವರ್ಷವಾಯಿತು.
ಬೆಳಿಗ್ಗೆ ಬರುತ್ತೇನೆ, ಏಪ್ರನ್ ಕಟ್ಟುತ್ತೇನೆ,
ತಟ್ಟೆ ಎಳೆದುಕೊಳ್ಳುತ್ತೇನೆ,
ಅಷ್ಟರಲ್ಲಿ ಡ್ರಾಯರು ಕಣ್ಣಿಗೆ ಬೀಳುತ್ತದೆ.
ಹಲ್ಲಿನ ಕಾರ್ಡುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ
ಮತ್ತೆ ಅಳತೆಯ ಪ್ರಕಾರ ವಿಂಗಡಿಸುತ್ತೇನೆ.
ಕೆಟಲಿನ ಸುಣ್ಣ ಕೆರೆಯುತ್ತೇನೆ.
ಬೆರಿಲ್‌ಳ ಜೆರೇನಿಯಂಗೆ ನೀರು. ಅದಕ್ಕೂ ಸಾಕಾಗಿದೆ.
ಕೆಲಸ ತಪ್ಪಿಸಲು ಇಷ್ಟೊಂದು ಕೆಲಸ ಮಾಡಿದವಳು
ನಮ್ಮ ವಂಶದಲ್ಲೇ ಇರಲಿಕ್ಕಿಲ್ಲ.

ಅಜ್ಜಿ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದಳು
'ನಾಳೆ ಬಾ' ಎಂದು.
ರಾತ್ರಿ ಮನೆಮನೆ ತಟ್ಟುವ ದೆವ್ವ ಓದಿಕೊಂಡು ಹಿಂದಿರುಗುತ್ತದೆ,
ಮರುದಿನ ಬರುತ್ತದೆ, ಮತ್ತೆ ಓದುತ್ತದೆ.
ದಾವಣಗೆರೆಯ ಆ ಓಣಿಯಲ್ಲಿ ನಾನು ಕೇಳುತ್ತಿದ್ದುದು ಒಂದೇ:
ಪಾಪ, ಅದಕ್ಕೆ ಬೇಸರವಾಗುವುದಿಲ್ಲವೇ?
ಈಗ ಗೊತ್ತು. ಆಗುವುದಿಲ್ಲ.
ಅಕ್ಷರ ಬಲ್ಲ ದೆವ್ವ, ಸಭ್ಯ ದೆವ್ವ,
ದಿನವೂ ಸರಿಯಾಗಿ ಒಂಬತ್ತಕ್ಕೆ ಹೊಸ್ತಿಲಲ್ಲಿ ನಿಂತು
ದಿನಕ್ಕಿಷ್ಟು ದಪ್ಪವಾಗುತ್ತದೆ.

ಪಾಡ್‌ಮೋರರೂ ಸಭ್ಯರೇ. ಸೋಮವಾರ ಫೋನು:
'ಅವಸರವೇನಿಲ್ಲ, ಡಕ್.'
ಇಲ್ಲಿ ಎಲ್ಲರಿಗೂ ಎಲ್ಲರೂ ಬಾತುಕೋಳಿಗಳೇ.
'ಓಟ್‌ಕೇಕ್ ಮಾತ್ರ ಹಾಲಲ್ಲಿ ನೆನೆಸಿ ತಿಂತಾ ಇದೀನಿ.'
ನಮ್ಮ ದೋಸೆಗೆ ದಾಯಾದಿ ಅದು,
ಅಂಚು ಗರಿಗರಿಯಾದಾಗ ಕಚ್ಚಬೇಕು.
ಹಾಲಲ್ಲಿ ನೆನೆದ ಓಟ್‌ಕೇಕ್
ಇಡೀ ದಿನ ನನ್ನ ಗಂಟಲಲ್ಲಿತ್ತು.

ತೊಡಕು ಒಂದು ಫೋಟೊ, ಚೀಟಿಗೆ ಸಿಕ್ಕಿಸಿದ್ದು.
ಬ್ಲ್ಯಾಕ್‌ಪೂಲಿನ ಕಡಲಕಂಬಿಗೆ ಒರಗಿ ನಗುತ್ತಿದ್ದಾನೆ ಹುಡುಗ,
ಮುಂದಿನೆರಡು ಹಲ್ಲಿನ ನಡುವೆ ಸಂದು,
ಕಾಸು ತೂರಿಸಬಹುದು.
ಹಿಂದೆ ಪೆನ್ಸಿಲಿನಲ್ಲಿ: ಇದು ಇರಲಿ. ಇದಿಲ್ಲದೆ ನಾನಲ್ಲ.

ಮುತ್ತು ಪೋಣಿಸಿದಂತೆ ಸಾಲು ಕೂರಿಸಲು ಬರುತ್ತದೆ ನನಗೆ.
ಇಲ್ಲದ್ದನ್ನು ಮಾಡುವುದು ಹೇಗೆ?
ಕೂದಲೆಳೆ ಹೆಚ್ಚಾದರೆ ಬೇರೆಯವನು,
ಕಡಿಮೆಯಾದರೆ ಯಾರೂ ಅಲ್ಲ.
ತಲೆಯೊಳಗೆ ಆ ಸಂದು ಎಷ್ಟು ಚೆನ್ನಾಗಿದೆಯೆಂದರೆ
ಮೇಣಕ್ಕಿಳಿಸಲು ಮನಸ್ಸಿಲ್ಲ.
ಸೋಮಾರಿ ಎಂದು ಬೈದುಕೊಂಡೆನಲ್ಲ,
ಶಾಲು ಸರಿಸಿದರೆ ಒಳಗೆ ಕೂತದ್ದು ಭಯ.

ಹದಿನೆಂಟನೆಯ ದಿನ.
ಶಪಥ ಮಾಡಲಿಲ್ಲ, ಪಂಚಾಂಗ ನೋಡಲಿಲ್ಲ.
ಬೇರು ಕೊಳೆಯುತ್ತಿದೆಯೆಂದು ಬೆರಿಲ್
ಜೆರೇನಿಯಂ ಮನೆಗೊಯ್ದಿದ್ದಳು, ಅಷ್ಟೆ.
ಹಲ್ಲು ಕೂರಿಸುವುದಿಲ್ಲ, ಸುಮ್ಮನೆ ಬರ್ನರು ಹಚ್ಚುತ್ತೇನೆ, ಅಂದೆ.
ಹಚ್ಚಿದ ಮೇಲೆ ಚಾಕು ಕಾಯಿಸದಿರುವುದು ಸಣ್ಣತನ.
ಚಾಕು ಕಾದ ಮೇಲೆ ಮೇಣ ತಾನಾಗಿ ಹತ್ತಿರ ಬಂತು.
ಎಡದ್ದು. ಬಲದ್ದು.
ತೀರಾ ಅಗಲ, ಎತ್ತಿನ ಗಾಡಿ ಹೋಗುವಷ್ಟು.
ಕೆಟ್ಟಿತ್ತು. ಕೆಟ್ಟದ್ದನ್ನು ತಿದ್ದಬಹುದು.
ತಲೆಯೊಳಗಿನದನ್ನು ಹದಿನೇಳು ದಿನ
ಒಮ್ಮೆಯೂ ತಿದ್ದಲಾಗಿರಲಿಲ್ಲ.
ಕ್ಯಾಲಮ್ ಊಟಕ್ಕೆ ಕರೆದನಂತೆ, ಎರಡು ಸಲ.

ಶುಕ್ರವಾರ ಪಾಡ್‌ಮೋರ್ ಬಂದು ಹಾಕಿಕೊಂಡರು.
ಕನ್ನಡಿ ಕೊಟ್ಟೆ, ನೋಡಲಿಲ್ಲ.
ನಾಲಗೆ ತುದಿಯನ್ನು ಸಂದಿಗೆ ಒತ್ತಿ
ಒಂದು ಸಿಳ್ಳೆ ಹೊಡೆದರು.
ಗೂಡಿನ ಪಾರಿವಾಳಗಳೆಲ್ಲ ಎದ್ದವು.

'ಹಿಂದೆ, ಎಡಗಡೆ, ತುಸು ಒತ್ತುತ್ತದೆ, ಡಕ್.'
'ಗೊತ್ತಾಯ್ತು. ಸೋಮವಾರ ಬನ್ನಿ' ಎಂದೆ,
ಎಂದವಳೇ ನಾಲಗೆ ಕಚ್ಚಿಕೊಂಡೆ.

ಬೇಡ. ಕೂತ್ಕೊಳ್ಳಿ.
ಬರ್ನರು ಇನ್ನೂ ಉರಿಯುತ್ತಿತ್ತು.